ಉಪಕಾರಸ್ಮರಣೆ ಮತ್ತು ಸಂಕಲ್ಪ: ದಿನಚರಿ ಬರವಣಿಗೆಯ ಮನೋವಿಜ್ಞಾನ

ಕ್ರಿಸ್ತಶಕ ಎರಡನೆಯ ಶತಮಾನದ ಉತ್ತರಾರ್ಧದಲ್ಲಿ, ಪಶ್ಚಿಮಕ್ಕೆ ಬ್ರಿಟನ್ನಿನಿಂದ ಪೂರ್ವಕ್ಕೆ ಸಿರಿಯಾದವರೆಗೆ ಹಬ್ಬಿದ್ದ ಸಾಮ್ರಾಜ್ಯದ ಭಾರವನ್ನು ಹೊತ್ತು, ಡ್ಯಾನ್ಯೂಬ್ ನದಿಯ ಗಡಿಯಲ್ಲಿ ವರ್ಷಾನುವರ್ಷ ಯುದ್ಧಶಿಬಿರಗಳಲ್ಲಿ ಕಾಲ ಕಳೆಯಬೇಕಾಗಿ ಬಂದ ರೋಮನ್ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ಸನು, ತನ್ನ ಆತ್ಮಶಿಕ್ಷಣಕ್ಕಾಗಿಯೇ ಗ್ರೀಕ್ ಭಾಷೆಯಲ್ಲಿ ಬರೆದಿಟ್ಟುಕೊಂಡ ಟಿಪ್ಪಣಿಗಳು ಇಂದಿಗೂ ಉಳಿದುಬಂದಿವೆ. ಹನ್ನೆರಡು ಭಾಗಗಳುಳ್ಳ ಆ ಗ್ರಂಥದಲ್ಲಿ ಮೊದಲನೆಯ ಭಾಗದ ರೀತಿಯೇ ಬೇರೆ. ಅದರ ಹದಿನೇಳು ಖಂಡಿಕೆಗಳಲ್ಲಿ ಮೊದಲಿನಿಂದ ಕೊನೆಯವರೆಗೂ ಇರುವುದು ತಾನು ಯಾರಿಂದ ಏನನ್ನು ಪಡೆದೆನೆಂಬ ಲೆಕ್ಕ: ಅಜ್ಜನಿಂದ ಕೋಪವನ್ನು ಗೆಲ್ಲುವ ಸ್ವಭಾವ, ತಾಯಿಯಿಂದ ದೈವಭಕ್ತಿ, ದಾನಬುದ್ಧಿ ಮತ್ತು ಐಶ್ವರ್ಯದ ನಡುವೆಯೂ ಸರಳವಾಗಿ ಬಾಳುವ ಕ್ರಮ, ರಸ್ಟಿಕಸ್ ಎಂಬ ಗುರುವಿನಿಂದ ಎಪಿಕ್ಟೀಟಸ್ಸನ ಉಪದೇಶಗಳ ಪರಿಚಯ, ಅದೂ ಆ ಗುರು ತನ್ನ ಸ್ವಂತ ಸಂಗ್ರಹದಿಂದ ತೆಗೆದುಕೊಟ್ಟ ಪ್ರತಿಯ ಮೂಲಕ.

ಈ ಲೆಕ್ಕವನ್ನು ಓದುವವರ ಗಮನವನ್ನು ಮೊದಲು ಸೆಳೆಯುವುದು ಅದರ ನಿಖರತೆ. ಹಿರಿಯರೆಲ್ಲರಿಗೂ ತಾನು ಋಣಿ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಾಗಿದ್ದವನು ಹಾಗೆ ಮಾಡದೆ, ಒಬ್ಬೊಬ್ಬರ ಹೆಸರನ್ನೂ ಎತ್ತಿ, ಅವರವರು ಕೊಟ್ಟದ್ದನ್ನು ಬೇರೆ ಬೇರೆಯಾಗಿ ಗುರುತಿಸಿದನು. ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಚರಿತ್ರೆಯಲ್ಲಿ ಕೊಟ್ಟಿರುವ ದಿನದ ವೇಳಾಪಟ್ಟಿಯಲ್ಲಿಯೂ ಇದಕ್ಕೆ ಸಮೀಪವಾದ ಒಂದು ಕ್ರಮವುಂಟು. ಬೆಳಗ್ಗೆ ಏಳುತ್ತಲೇ ಆ ದಿನ ಮಾಡಬೇಕಾದ ಸತ್ಕಾರ್ಯವನ್ನು ಕುರಿತೂ, ರಾತ್ರಿ ಮಲಗುವ ಮುನ್ನ ಮಾಡಿದ ಸತ್ಕಾರ್ಯವನ್ನು ಕುರಿತೂ ಅವನು ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವ ನಿಯಮವನ್ನು ಇಟ್ಟುಕೊಂಡಿದ್ದನು. ಹೀಗೆ ಕಳೆದ ದಿನದ ಉಪಕಾರವನ್ನು ನೆನೆಯುವುದು, ಬರುವ ದಿನದ ಕಾರ್ಯವನ್ನು ನಿಶ್ಚಯಿಸುವುದು, ಇವೆರಡನ್ನೂ ಬರವಣಿಗೆಯಲ್ಲಿ ಹಿಡಿದಿಡುವುದು ಹಳೆಯ ಸಾಧನೆ. ಅದರ ಫಲವನ್ನು ಅಳತೆಗೋಲಿಟ್ಟು ಪರೀಕ್ಷಿಸುವ ಪ್ರಯತ್ನ ಮಾತ್ರ ಹೊಸದು. ಆ ಪ್ರಯತ್ನದಿಂದ ತಿಳಿದುಬಂದದ್ದೇನು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು, ಅದರ ಬೆಳಕಿನಲ್ಲಿ ನಾವು ದಿನಚರಿಯನ್ನು ಹೇಗೆ ಬರೆಯಬೇಕು ಎಂಬುದನ್ನು ವಿಚಾರಿಸುವುದು ಈ ಅಧ್ಯಾಯದ ಉದ್ದೇಶ.

ಮನಸ್ಸಿನ ಸಹಜವಾದ ಓರೆ

ಹತ್ತು ಮಂದಿ ಆದರದಿಂದ ಮಾತನಾಡಿಸಿದ ದಿನದಲ್ಲಿ ಒಬ್ಬನು ಆಡಿದ ಒಂದು ಕಟುನುಡಿ ನಿದ್ರೆಗೆಡಿಸುವುದನ್ನೂ, ಆ ಹತ್ತು ಮಂದಿಯ ಆದರ ನೆನಪಿಗೇ ಬಾರದಿರುವುದನ್ನೂ ಎಲ್ಲರೂ ಅನುಭವದಿಂದ ಬಲ್ಲರು. 2001ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಅವರ ಸಂಗಡಿಗರು ದಾಂಪತ್ಯ, ಸ್ನೇಹ, ಕಲಿಕೆ, ಆರೋಗ್ಯ ಮೊದಲಾದ ಅನೇಕ ಕ್ಷೇತ್ರಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಸಮಾನ ಪ್ರಮಾಣದ ಒಳಿತಿಗಿಂತ ಕೆಡುಕು ಮನಸ್ಸಿನ ಮೇಲೆ ಹೆಚ್ಚು ಗಾಢವಾದ ಮುದ್ರೆಯನ್ನೊತ್ತುತ್ತದೆಂಬುದು ಬಹುಮಟ್ಟಿಗೆ ಎಲ್ಲೆಡೆಯಲ್ಲಿಯೂ ಕಂಡುಬಂದಿತು. ಅದೇ ವರ್ಷ ಪಾಲ್ ರೋಜಿನ್ ಮತ್ತು ಎಡ್ವರ್ಡ್ ರಾಯ್ಜ್‌ಮನ್ ಅವರೂ ಇಂಥದೇ ನಿರ್ಣಯಕ್ಕೆ ಬಂದರು. ಜೀವವಿಕಾಸದ ದೃಷ್ಟಿಯಿಂದ ನೋಡಿದರೆ ಇದು ಅಸಹಜವಲ್ಲ. ಹಣ್ಣಿನ ಮರವನ್ನು ಕಾಣದೆ ಮುಂದೆ ಸಾಗಿದ ಪ್ರಾಣಿಗೆ ಒಂದು ಹೊತ್ತಿನ ಆಹಾರ ತಪ್ಪಬಹುದು. ಪೊದೆಯಲ್ಲಿ ಹೊಂಚಿದ ಶತ್ರುವನ್ನು ಕಾಣದೆ ಮುಂದೆ ಸಾಗಿದ ಪ್ರಾಣಿಗೆ ಮತ್ತೊಂದು ಹೊತ್ತೇ ಇರುವುದಿಲ್ಲ. ಅಪಾಯದ ಕಡೆಗೆ ಬೇಗ ತಿರುಗುವ ಚಿತ್ತವು ಬದುಕಿ ಉಳಿಯಲು ಸಹಾಯಕವಾಗಿದ್ದಿರಬೇಕು; ನೆಮ್ಮದಿಯನ್ನು ಕಾಪಾಡುವುದು ಅದರ ಹೊಣೆಯಾಗಿರಲಿಲ್ಲ.

ಇದರೊಡನೆ ಇನ್ನೊಂದು ಸ್ವಭಾವವೂ ಸೇರಿಕೊಂಡಿದೆ. ಯಾವ ಸುಖವೇ ಆಗಲಿ, ನಿತ್ಯವಾದೊಡನೆ ಅದರ ಅರಿವು ಮಾಸುತ್ತದೆ. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಇಬ್ಬರು ಸಂಶೋಧಕರು ಇಲಿನಾಯ್ ರಾಜ್ಯದ ಲಾಟರಿಯಲ್ಲಿ ದೊಡ್ಡ ಮೊತ್ತವನ್ನು ಗೆದ್ದ 22 ಮಂದಿಯನ್ನು ಅದೇ ಪ್ರದೇಶದ ಇತರರೊಡನೆ ಹೋಲಿಸಿ ನೋಡಿದರು. ಗೆದ್ದವರು ಇತರರಿಗಿಂತ ಗಣನೀಯವಾಗಿ ಹೆಚ್ಚು ಸುಖಿಗಳಾಗಿರಲಿಲ್ಲ. ಅಷ್ಟೇ ಅಲ್ಲದೆ, ಸ್ನೇಹಿತನೊಡನೆ ಹರಟುವುದು, ಬೆಳಗಿನ ಉಪಾಹಾರ ಸೇವಿಸುವುದು ಮುಂತಾದ ದೈನಂದಿನ ಸಂಗತಿಗಳಿಂದ ಅವರಿಗೆ ದೊರೆಯುತ್ತಿದ್ದ ಸಂತೋಷ ಇತರರಿಗಿಂತ ಕಡಿಮೆಯಾಗಿತ್ತು. ಚಿಕ್ಕ ಸಮೂಹವನ್ನು ಕುರಿತ ಅಧ್ಯಯನವಾದುದರಿಂದ ಇದೊಂದರ ಮೇಲೆ ಸಿದ್ಧಾಂತದ ಭಾರವನ್ನೆಲ್ಲ ಹೊರಿಸಲಾಗದು. ಆದರೂ ಅದು ತೋರಿಸುವ ದಿಕ್ಕನ್ನು ಅನಂತರದ ಅನೇಕ ಅಧ್ಯಯನಗಳೂ ತೋರಿಸಿವೆ. ನಲ್ಲಿಯಲ್ಲಿ ನೀರು ಬಂದ ದಿನ ನಮಗೆ ಅದರ ನೆನಪಿಲ್ಲ. ನಿಂತ ದಿನ ಮಾತ್ರ ಅದರ ಬೆಲೆ ತಿಳಿಯುತ್ತದೆ. ಕೆಡುಕನ್ನು ಹಿಗ್ಗಿಸುವ, ಒಳಿತನ್ನು ಮರೆಸುವ ಈ ಎರಡು ಪ್ರವೃತ್ತಿಗಳ ನಡುವೆ ಸಿಕ್ಕ ಮನುಷ್ಯನಿಗೆ, ಒಳಿತನ್ನು ಕಾಣಬೇಕಾದರೆ ಪ್ರಯತ್ನಪೂರ್ವಕವಾಗಿ ಅತ್ತ ತಿರುಗದೆ ಗತ್ಯಂತರವಿಲ್ಲ. ದಿನಚರಿಯ ಮೊದಲನೆಯ ಕೆಲಸ ಈ ತಿರುಗಿಸುವಿಕೆ.

ಉಪಕಾರಗಳ ಲೆಕ್ಕ

ಈ ತಿರುಗಿಸುವಿಕೆಯನ್ನು ಪ್ರಯೋಗಕ್ಕೆ ಒಳಪಡಿಸಿದವರಲ್ಲಿ ಅಗ್ರಗಣ್ಯರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ರಾಬರ್ಟ್ ಎಮನ್ಸ್ ಮತ್ತು ಅವರ ಸಹೋದ್ಯೋಗಿ ಮೈಕೆಲ್ ಮೆಕಲೊ. 2003ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಮೂರು ಪ್ರಯೋಗಗಳ ವೃತ್ತಾಂತವಿದೆ. ಮೊದಲನೆಯದರಲ್ಲಿ ಸುಮಾರು 200 ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪುಗಳಾಗಿ ಮಾಡಿ, ಹತ್ತು ವಾರಗಳ ಕಾಲ ವಾರಕ್ಕೊಮ್ಮೆ ಒಂದು ಗುಂಪು ತಾನು ಕೃತಜ್ಞವಾಗಿರಬೇಕಾದ ಐದರವರೆಗಿನ ಸಂಗತಿಗಳನ್ನೂ, ಎರಡನೆಯದು ಕಿರಿಕಿರಿ ತಂದ ಸಂಗತಿಗಳನ್ನೂ, ಮೂರನೆಯದು ಒಳಿತು ಕೆಡುಕೆಂಬ ಭೇದವಿಲ್ಲದೆ ಮನಸ್ಸಿನ ಮೇಲೆ ಪರಿಣಾಮ ಮಾಡಿದ ಸಂಗತಿಗಳನ್ನೂ ಬರೆಯುವಂತೆ ಗೊತ್ತುಮಾಡಲಾಯಿತು. ಉಪಕಾರಗಳನ್ನು ಬರೆದವರು ತಮ್ಮ ಜೀವನವನ್ನು ಒಟ್ಟಾಗಿ ಹೆಚ್ಚು ತೃಪ್ತಿಕರವೆಂದು ಎಣಿಸಿದರು. ಬರುವ ವಾರದ ವಿಷಯದಲ್ಲಿ ಹೆಚ್ಚು ಭರವಸೆಯುಳ್ಳವರಾಗಿದ್ದರು. ತಲೆನೋವು ಮೊದಲಾದ ದೈಹಿಕ ದೂರುಗಳನ್ನು ಕಡಿಮೆ ಹೇಳಿಕೊಂಡರು. ಕಿರಿಕಿರಿಯನ್ನು ಬರೆದವರಿಗಿಂತ ಹೆಚ್ಚು ಹೊತ್ತು ವ್ಯಾಯಾಮವನ್ನೂ ಮಾಡಿದರು.

ಆದರೆ ಮೂರರಲ್ಲಿ ನನ್ನ ದೃಷ್ಟಿಗೆ ಹೆಚ್ಚು ಮಹತ್ತ್ವದ್ದಾಗಿ ತೋರುವುದು ಕೊನೆಯ ಪ್ರಯೋಗ. ಅದರಲ್ಲಿ ಭಾಗವಹಿಸಿದ 65 ಮಂದಿ ನರ ಮತ್ತು ಸ್ನಾಯುಗಳ ದೀರ್ಘಕಾಲದ ವ್ಯಾಧಿಗಳಿಂದ ನರಳುತ್ತಿದ್ದವರು. ಅವರಲ್ಲಿ ಕೆಲವರು 21 ದಿನಗಳ ಕಾಲ ಪ್ರತಿದಿನವೂ ಉಪಕಾರಗಳನ್ನು ಬರೆದರು, ಉಳಿದವರು ಸಾಮಾನ್ಯ ಪ್ರಶ್ನೆಗಳಿಗೆ ಮಾತ್ರ ಉತ್ತರ ಕೊಟ್ಟರು. ಬರೆದವರ ಚಿತ್ತಪ್ರಸನ್ನತೆ ಹೆಚ್ಚಿತು, ನಿದ್ರೆ ದೀರ್ಘವಾಯಿತು, ಎದ್ದಾಗಿನ ಲವಲವಿಕೆ ಬೆಳೆಯಿತು. ತಾವು ಸುಖವಾಗಿದ್ದೇವೆಂದು ಪ್ರಯೋಗಕ್ಕೆ ಒಳಗಾದವರೇ ಹೇಳಿಕೊಳ್ಳುವುದರಲ್ಲಿ ಪ್ರಯೋಗಕಾರರನ್ನು ಮೆಚ್ಚಿಸುವ ಬಯಕೆಯೂ ಬೆರೆತಿರಬಹುದೆಂಬ ಶಂಕೆ ಯಾವಾಗಲೂ ಇರುವುದರಿಂದ, ಅವರೊಡನೆ ಬಾಳುತ್ತಿದ್ದ ಪತಿ, ಪತ್ನಿ ಅಥವಾ ಆಪ್ತರನ್ನೂ ಪ್ರತ್ಯೇಕವಾಗಿ ಕೇಳಲಾಯಿತು. ಅವರ ಕಣ್ಣಿಗೂ ಬದಲಾವಣೆ ಗೋಚರಿಸಿತ್ತು. ಗುಣವಾಗದ ರೋಗವೊಂದು ಶರೀರವನ್ನು ಹಿಡಿದಿರುವಾಗಲೂ ದೃಷ್ಟಿಗೆ ತಿರುಗುವಷ್ಟು ಸ್ವಾತಂತ್ರ್ಯ ಉಳಿದಿರುತ್ತದೆಂಬುದು ಸಣ್ಣ ಸಮಾಧಾನವಲ್ಲ.

ಎರಡು ವರ್ಷಗಳ ಅನಂತರ, 2005ರಲ್ಲಿ, ಮಾರ್ಟಿನ್ ಸೆಲಿಗ್‌ಮನ್ ಮತ್ತು ಮೂವರು ಸಂಶೋಧಕರು 411 ಮಂದಿಯ ಮೇಲೆ ನಡೆಸಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಅಲ್ಲಿನ ಒಂದು ಅಭ್ಯಾಸದಲ್ಲಿ ಒಂದು ವಾರ ಪ್ರತಿರಾತ್ರಿಯೂ ಆ ದಿನ ನೆಟ್ಟಗೆ ನಡೆದ ಮೂರು ಸಂಗತಿಗಳನ್ನು ಬರೆದು, ಪ್ರತಿಯೊಂದೂ ಏಕೆ ಹಾಗೆ ನಡೆಯಿತೆಂಬ ಕಾರಣವನ್ನೂ ಬರೆಯಬೇಕಾಗಿತ್ತು. ಮತ್ತೊಂದರಲ್ಲಿ, ತಮಗೆ ಉಪಕಾರ ಮಾಡಿದರೂ ತಕ್ಕ ರೀತಿಯಲ್ಲಿ ವಂದನೆ ಪಡೆಯದಿದ್ದ ಒಬ್ಬರಿಗೆ ಪತ್ರ ಬರೆದು, ಅದನ್ನು ತಾವೇ ಹೋಗಿ ಕೊಡಬೇಕಾಗಿತ್ತು. ಪತ್ರ ಕೊಟ್ಟವರ ಸಂತೋಷ ಒಮ್ಮೆಲೆ ಬಹಳ ಎತ್ತರಕ್ಕೆ ಏರಿ, ಮೂರು ತಿಂಗಳ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿತ್ತು. ಮೂರು ಸಂಗತಿಗಳನ್ನು ಬರೆದವರಲ್ಲಾದರೋ ಅದು ನಿಧಾನವಾಗಿ ಮೇಲೇರಿ ಆರು ತಿಂಗಳವರೆಗೂ ನಿಂತಿತು. ವಾರ ಕಳೆದ ಮೇಲೂ ತಾವಾಗಿಯೇ ಅಭ್ಯಾಸವನ್ನು ಮುಂದುವರಿಸಿದವರಲ್ಲಿ ಅದು ಹೆಚ್ಚು ದೃಢವಾಗಿತ್ತು.

ಇಲ್ಲಿ ಕಾರಣವನ್ನು ಬರೆಯಬೇಕೆಂಬ ನಿಯಮವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಎಮನ್ಸ್ ಅವರ ವಿವೇಚನೆಯಂತೆ ಕೃತಜ್ಞತೆಯಲ್ಲಿ ಎರಡು ಅಂಶಗಳಿವೆ: ನನಗೊಂದು ಒಳಿತಾಗಿದೆಯೆಂಬ ಅಂಗೀಕಾರ ಮೊದಲನೆಯದು, ಆ ಒಳಿತಿನ ಮೂಲ ನನ್ನ ಹೊರಗಿದೆಯೆಂಬ ಅರಿವು ಎರಡನೆಯದು. ಕೇವಲ ಹಿತಾನುಭವಕ್ಕೆ ಮೊದಲನೆಯ ಅಂಶ ಸಾಕು. ಅದು ಕೃತಜ್ಞತೆಯಾಗಬೇಕಾದರೆ ಕಾರಣವನ್ನು ಅರಸುತ್ತ ಹೋಗಿ ಇನ್ನೊಬ್ಬರ ಪ್ರಯತ್ನವನ್ನೋ ತ್ಯಾಗವನ್ನೋ ಮುಟ್ಟಬೇಕು. 2015ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗ್ಲೆನ್ ಫಾಕ್ಸ್, ಆಂಟೋನಿಯೊ ಡಮಾಸಿಯೊ ಮತ್ತು ಇತರರು ನಡೆಸಿದ ಅಧ್ಯಯನ ಇದಕ್ಕೆ ಪೂರಕವಾಗಿದೆ. ನಾಜಿಗಳ ನರಮೇಧದಿಂದ ಬದುಕುಳಿದವರ ಸಾಕ್ಷ್ಯಗಳಿಂದ, ಅಪರಿಚಿತರು ಆಶ್ರಯವನ್ನೋ ಅನ್ನವನ್ನೋ ಬಟ್ಟೆಯನ್ನೋ ಕೊಟ್ಟ ಪ್ರಸಂಗಗಳನ್ನು ಆರಿಸಿ, ಅವುಗಳನ್ನು ಪಡೆದವರ ಸ್ಥಾನದಲ್ಲಿ ತಮ್ಮನ್ನು ಭಾವಿಸಿಕೊಳ್ಳುವಂತೆ 23 ಮಂದಿಗೆ ಹೇಳಿ, ಅವರ ಮಿದುಳಿನ ಚಟುವಟಿಕೆಯನ್ನು ಯಂತ್ರದ ಸಹಾಯದಿಂದ ಚಿತ್ರಿಸಲಾಯಿತು. ಕೃತಜ್ಞತೆ ತೀವ್ರವಾದಷ್ಟೂ ಮಿದುಳಿನ ಮುಂಭಾಗದ ಮಧ್ಯಪ್ರದೇಶ ಹಾಗೂ ಅದಕ್ಕೆ ಹೊಂದಿದ ಸಿಂಗ್ಯುಲೇಟ್ ಭಾಗದ ಚಟುವಟಿಕೆಯೂ ಹೆಚ್ಚಿತು. ಮೌಲ್ಯವನ್ನು ತೂಗುವಾಗ, ನೀತಿಯನ್ನು ಕುರಿತು ವಿವೇಚಿಸುವಾಗ, ಅನ್ಯರ ಮನಸ್ಸನ್ನು ಊಹಿಸುವಾಗ ಕೆಲಸ ಮಾಡುವ ಭಾಗಗಳಿವು. ಎಂದ ಮೇಲೆ ಕೃತಜ್ಞತೆಯೆಂಬುದು ಭಾವವಾಗಿರುವಷ್ಟೇ ವಿವೇಚನೆಯೂ ಆಗಿದೆ.

ಹೆಚ್ಚು ಬರೆದರೆ ಹೆಚ್ಚು ಫಲವೆ?

ಹೀಗಿದ್ದರೆ ದಿನಕ್ಕೆ ಐವತ್ತು ಉಪಕಾರಗಳನ್ನು ಬರೆದವನು ಐದನ್ನು ಬರೆದವನಿಗಿಂತ ಹತ್ತು ಪಾಲು ಸುಖಿಯಾಗಬೇಕಷ್ಟೆ. ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಅವರ ಸಹೋದ್ಯೋಗಿಗಳು 2005ರಲ್ಲಿ ವರದಿ ಮಾಡಿದ ಪ್ರಯೋಗ ಈ ಎಣಿಕೆಯನ್ನು ಸುಳ್ಳುಮಾಡುತ್ತದೆ. ಆರು ವಾರಗಳ ಕಾಲ ಕೆಲವರು ವಾರಕ್ಕೆ ಒಮ್ಮೆಯೂ ಇನ್ನು ಕೆಲವರು ವಾರಕ್ಕೆ ಮೂರು ಬಾರಿಯೂ ಉಪಕಾರಗಳನ್ನು ಬರೆದಾಗ, ಒಮ್ಮೆ ಬರೆದವರಲ್ಲಿ ಮಾತ್ರ ಕ್ಷೇಮಭಾವ ಹೆಚ್ಚಿತು. ಹಿಂದೆ ಹೇಳಿದ ಅಭ್ಯಾಸದೋಷವೇ ಇಲ್ಲಿಯೂ ಕೆಲಸ ಮಾಡಿರಬೇಕೆಂದು ಸಂಶೋಧಕರು ಊಹಿಸಿದರು: ಮನೆ, ಮಕ್ಕಳು, ಆರೋಗ್ಯ ಎಂದು ಅವವೇ ಮಾತುಗಳನ್ನು ಮತ್ತೆ ಮತ್ತೆ ಬರೆಯುತ್ತಿದ್ದರೆ, ಸುಖಕ್ಕೆ ಒಗ್ಗಿಹೋದ ಮನಸ್ಸು ಸುಖದ ಪಟ್ಟಿಗೂ ಒಗ್ಗಿಹೋಗುತ್ತದೆ.

ಇದರ ಪರಿಹಾರಕ್ಕೆ ಒಂದು ಸೂಚನೆ 2008ರಲ್ಲಿ ಮಿನ್ಕ್ಯುಂಗ್ ಕೂ, ಸಾರಾ ಆಲ್ಗೋ, ತಿಮೊಥಿ ವಿಲ್ಸನ್ ಮತ್ತು ಡೇನಿಯಲ್ ಗಿಲ್ಬರ್ಟ್ ಅವರು ನಡೆಸಿದ ಪ್ರಯೋಗಗಳಿಂದ ದೊರೆಯುತ್ತದೆ. ಜೀವನದ ಒಂದು ಒಳ್ಳೆಯ ಘಟನೆ ಹೇಗೆ ಸಂಭವಿಸಿತೆಂದು ಬರೆದವರಿಗಿಂತ, ಅದು ಸಂಭವಿಸದೆಯೇ ಹೋಗಬಹುದಾಗಿದ್ದ ಬಗೆಯನ್ನು ಬರೆದವರ ಚಿತ್ತ ಹೆಚ್ಚು ಪ್ರಸನ್ನವಾಯಿತು. ತಮ್ಮ ಬಾಳಸಂಗಾತಿಯನ್ನು ಎಂದಿಗೂ ಸಂಧಿಸದೆ ಇರಬಹುದಾಗಿದ್ದ ರೀತಿಯನ್ನು ಬರೆದವರು, ಸಂಧಿಸಿದ ರೀತಿಯನ್ನು ಬರೆದವರಿಗಿಂತ ತಮ್ಮ ದಾಂಪತ್ಯದಲ್ಲಿ ಹೆಚ್ಚು ತೃಪ್ತಿಯನ್ನು ಸೂಚಿಸಿದರು. ವಿಚಿತ್ರವೆಂದರೆ, ಇದಕ್ಕೆ ವ್ಯತಿರಿಕ್ತವಾದುದೇ ನಡೆಯುವುದೆಂದು ಜನರು ಮುಂಚಿತವಾಗಿ ಊಹಿಸಿದ್ದರು. ಆ ಬಸ್ಸು ತಪ್ಪಿದ್ದರೆ, ಆ ಪತ್ರ ತಲುಪದೆ ಹೋಗಿದ್ದರೆ, ಆ ಶಿಕ್ಷಕರಿಗೆ ಆ ವರ್ಷವೇ ವರ್ಗವಾಗಿದ್ದರೆ ಎಂದು ಯೋಚಿಸಿದಾಗ, ನಿಶ್ಚಿತವಾಗಿ ಬಂದೇ ಬರಬೇಕಾಗಿದ್ದುದೆಂದು ತೋರುತ್ತಿದ್ದ ಸೌಭಾಗ್ಯದ ಹಿಂದೆ ಎಷ್ಟು ಎಳೆಗಳು ಕೂಡಿಬಂದುವೆಂಬುದು ಗೋಚರವಾಗಿ, ಮಾಸಿದ ಬಣ್ಣ ಮತ್ತೆ ಏರುತ್ತದೆ.

ಈ ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಅವುಗಳಲ್ಲಿ ಒಂದೇ ಸೂತ್ರ ಹರಿದಿರುವಂತೆ ಕಾಣುತ್ತದೆ. ಮನಸ್ಸನ್ನು ಮುಟ್ಟುವ ಶಕ್ತಿ ವಿಶೇಷಕ್ಕುಂಟು. ಸಾಮಾನ್ಯಕ್ಕೆ ಅದು ಬಹು ಬೇಗ ತಪ್ಪಿಹೋಗುತ್ತದೆ. "ಸ್ನೇಹಿತರಿಗೆ ಕೃತಜ್ಞ" ಎಂಬ ಬರಹ ಎರಡನೆಯ ದಿನಕ್ಕೆ ನಿರ್ಜೀವವಾಗುವುದು. "ನಾನು ಆಸ್ಪತ್ರೆಯ ಚೀಟಿಗಾಗಿ ಸಾಲಿನಲ್ಲಿ ನಿಂತಿದ್ದಾಗ, ತನ್ನ ಕೆಲಸವನ್ನು ಬಿಟ್ಟು ಬಂದು ತಾಯಿಯ ಪಕ್ಕದಲ್ಲಿ ಎರಡು ಗಂಟೆ ಕುಳಿತವನು ಈತ" ಎಂಬ ಬರಹದಲ್ಲಿ ವ್ಯಕ್ತಿಯಿದ್ದಾನೆ, ಅವನು ತೆತ್ತ ಬೆಲೆಯಿದೆ, ಸ್ಥಳ ಕಾಲಗಳಿವೆ. ಅದನ್ನು ಆರು ತಿಂಗಳ ಮೇಲೆ ಓದಿದರೂ ಅದು ಸುಮ್ಮನಿರದು. ಉಪಕಾರಸ್ಮರಣೆಯಲ್ಲಿ ಸತ್ಯವಾಗಿರುವ ಈ ಸೂತ್ರವೇ ಸಂಕಲ್ಪದಲ್ಲಿಯೂ ಸತ್ಯವಾಗಿರುವುದು ಈ ವಿಷಯದ ಅತ್ಯಂತ ಸ್ವಾರಸ್ಯವಾದ ಭಾಗ.

ಸಂಕಲ್ಪಕ್ಕೆ ಕಾಲವೂ ಸ್ಥಳವೂ ಬೇಕು

1965ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಹೊವರ್ಡ್ ಲೆವೆಂತಾಲ್ ಮತ್ತು ಅವರ ಸಂಗಡಿಗರು ಧನುರ್ವಾಯು ರೋಗವನ್ನು ಕುರಿತ ತಿಳಿವಳಿಕೆಯ ಪುಸ್ತಿಕೆಗಳನ್ನು ವಿದ್ಯಾರ್ಥಿಗಳಿಗೆ ಹಂಚಿದರು. ಕೆಲವು ಪುಸ್ತಿಕೆಗಳಲ್ಲಿ ಭಯಾನಕವಾದ ವರ್ಣನೆಗಳೂ ಚಿತ್ರಗಳೂ ಇದ್ದುವು, ಕೆಲವು ಸೌಮ್ಯವಾಗಿದ್ದುವು. ಹೆಚ್ಚು ಭಯಪಟ್ಟವರು ಚುಚ್ಚುಮದ್ದನ್ನು ಹಾಕಿಸಿಕೊಳ್ಳಬೇಕೆಂಬ ಇಚ್ಛೆಯನ್ನೇನೋ ಹೆಚ್ಚಾಗಿ ವ್ಯಕ್ತಪಡಿಸಿದರು. ಆದರೆ ನಿಜವಾಗಿಯೂ ಹೋಗಿ ಹಾಕಿಸಿಕೊಂಡವರ ಸಂಖ್ಯೆಯನ್ನು ಆ ಭಯ ಹೆಚ್ಚಿಸಲಿಲ್ಲ. ಹೆಚ್ಚಿಸಿದ್ದು ಬೇರೊಂದು ಸಣ್ಣ ಸಂಗತಿ. ಕೆಲವರಿಗೆ ಆರೋಗ್ಯಕೇಂದ್ರವನ್ನು ಗುರುತುಮಾಡಿದ ನಕ್ಷೆಯನ್ನು ಕೊಟ್ಟು, ತಮ್ಮ ವಾರದ ವೇಳಾಪಟ್ಟಿಯಲ್ಲಿ ಯಾವಾಗ, ಯಾವ ದಾರಿಯಾಗಿ ಹೋಗಬಹುದೆಂಬುದನ್ನು ಯೋಚಿಸುವಂತೆ ಹೇಳಲಾಗಿತ್ತು. ಅಂಥವರಲ್ಲಿ ಶೇಕಡ 28ರಷ್ಟು ಮಂದಿ ಚುಚ್ಚುಮದ್ದು ಹಾಕಿಸಿಕೊಂಡರು. ಉಳಿದವರಲ್ಲಿ ಶೇಕಡ 3 ಮಾತ್ರ. ಆ ಕೇಂದ್ರ ಎಲ್ಲಿದೆಯೆಂಬುದನ್ನು ಅರಿಯದವರು ಅವರಲ್ಲಿ ವಿರಳವಾಗಿದ್ದಿರಬೇಕು. ಇಚ್ಛೆ ಇತ್ತು, ಜ್ಞಾನ ಇತ್ತು. ಇಲ್ಲದಿದ್ದುದು ಇಂಥ ಹೊತ್ತಿಗೆ ಇಂಥ ದಾರಿಯಲ್ಲಿ ಎಂಬ ನಿಶ್ಚಯ.

ಇದನ್ನು ಒಂದು ವ್ಯವಸ್ಥಿತ ಸಿದ್ಧಾಂತವನ್ನಾಗಿ ಬೆಳೆಸಿದವರು ಜರ್ಮನ್ ಮನೋವಿಜ್ಞಾನಿ ಪೀಟರ್ ಗೊಲ್ವಿಟ್ಸರ್. ಗುರಿಯನ್ನು ಮಾತ್ರ ಹೇಳುವ ಸಂಕಲ್ಪ ಒಂದು ಬಗೆಯದು. ಇಂಥ ಸಂದರ್ಭ ಒದಗಿದೊಡನೆ ಇಂಥ ಕಾರ್ಯವನ್ನು ಮಾಡುವೆನೆಂದು ಸಂದರ್ಭಕ್ಕೂ ಕಾರ್ಯಕ್ಕೂ ಗಂಟುಹಾಕುವ ಸಂಕಲ್ಪ ಇನ್ನೊಂದು ಬಗೆಯದು. 1997ರಲ್ಲಿ ಅವರೂ ವೆರೋನಿಕಾ ಬ್ರಾಂಡ್‌ಸ್ಟೆಟರ್ ಅವರೂ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ವಿದ್ಯಾರ್ಥಿಗಳು ಕ್ರಿಸ್ಮಸ್ ಹಿಂದಿನ ಸಂಜೆಯನ್ನು ಹೇಗೆ ಕಳೆದೆವೆಂಬ ವರದಿಯನ್ನು 48 ಗಂಟೆಗಳೊಳಗಾಗಿ ಬರೆದು ಕಳಿಸಬೇಕಾಗಿತ್ತು. ಹಬ್ಬದ ಗಡಿಬಿಡಿಯಲ್ಲಿ ಇಂಥ ಕೆಲಸ ಮರೆತುಹೋಗುವುದು ಸಹಜ. ಬರೆಯುವ ಸ್ಥಳವನ್ನೂ ಹೊತ್ತನ್ನೂ ಮೊದಲೇ ಗೊತ್ತುಮಾಡಿಕೊಂಡವರಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಮಂದಿ ಕಾಲಕ್ಕೆ ಸರಿಯಾಗಿ ಕಳಿಸಿದರು. ಹಾಗೆ ಮಾಡದವರಲ್ಲಿ ಮೂರರಲ್ಲಿ ಒಂದು ಪಾಲು. 2006ರಲ್ಲಿ ಗೊಲ್ವಿಟ್ಸರ್ ಮತ್ತು ಪ್ಯಾಸ್ಕಲ್ ಶೀರನ್ ಇಂಥ 94 ಪರೀಕ್ಷೆಗಳ ಫಲವನ್ನು ಒಟ್ಟುಗೂಡಿಸಿದಾಗ, ಈ ವಿಧಾನದ ಪ್ರಭಾವ ಮಧ್ಯಮಕ್ಕಿಂತ ಮೇಲಿನ ಮಟ್ಟದ್ದೆಂದು ತಿಳಿದುಬಂದಿತು. ಮನೋವಿಜ್ಞಾನದಲ್ಲಿ ಇಷ್ಟು ಅಲ್ಪವ್ಯಯದಿಂದ ಇಷ್ಟು ಫಲ ಕೊಡುವ ಉಪಾಯಗಳು ಅಪರೂಪ.

ಇದು ಕೆಲಸ ಮಾಡುವ ಬಗೆ ಹೀಗೆ. ಸಂದರ್ಭವನ್ನು ಹೆಸರಿಸಿದ ಮಾತ್ರಕ್ಕೆ ಚಿತ್ತವು ಆ ಸಂದರ್ಭಕ್ಕಾಗಿ ಕಾದಿರುತ್ತದೆ. ಅದು ಬಂದಾಗ ಬೇಗನೆ ಗುರುತಿಸುತ್ತದೆ. ಗುರುತಿಸಿದೊಡನೆ ಕಾರ್ಯ ಬಹುಮಟ್ಟಿಗೆ ತಾನಾಗಿ ತೊಡಗುತ್ತದೆ. ಈಗ ಮಾಡಲೇ, ಆಮೇಲೆ ಮಾಡಲೇ ಎಂಬ ಚರ್ಚೆ ಮೊದಲೇ ಮುಗಿದಿರುವುದರಿಂದ ಆಲಸ್ಯಕ್ಕೆ ವಾದಿಸಲು ಅವಕಾಶ ದೊರೆಯುವುದಿಲ್ಲ. ಗುರಿಯ ಸುಂದರ ಚಿತ್ರವನ್ನು ಕಲ್ಪಿಸಿಕೊಂಡು ಅಲ್ಲಿಯೇ ನಿಲ್ಲುವುದು ಇದಕ್ಕೆ ತೀರ ವಿರುದ್ಧವಾದುದು. 1991ರಲ್ಲಿ ಗೇಬ್ರಿಯೆಲೆ ಎಟಿಂಗನ್ ಮತ್ತು ಥಾಮಸ್ ವಾಡನ್ ಅವರು ತೂಕ ಇಳಿಸುವ ಚಿಕಿತ್ಸೆಗೆ ಬಂದ ಮಹಿಳೆಯರನ್ನು ಅಧ್ಯಯನ ಮಾಡಿದಾಗ, ಯಶಸ್ಸನ್ನು ನಿರೀಕ್ಷಿಸಿದವರು ಹೆಚ್ಚು ತೂಕ ಇಳಿಸಿದರಾದರೂ, ಯಶಸ್ಸಿನ ಹಗಲುಗನಸುಗಳಲ್ಲಿ ವಿಹರಿಸಿದವರು ಕಡಿಮೆ ಇಳಿಸಿದ್ದರು. ಅಡ್ಡಿಯನ್ನು ಕಣ್ಣೆದುರಿಗೆ ತಂದುಕೊಂಡು, ಅದು ಎದುರಾದಾಗ ಮಾಡತಕ್ಕದ್ದನ್ನು ನಿಶ್ಚಯಿಸಿದರೆ ಮಾತ್ರ ಬಯಕೆ ಕಾರ್ಯದ ಕಡೆಗೆ ಹೊರಳುತ್ತದೆ.

ನಮ್ಮ ಮನೆಗಳಲ್ಲಿ ಪೂಜೆಗೋ ವ್ರತಕ್ಕೋ ಕುಳಿತವರು ಆಚಮನವಾದ ಮೇಲೆ ಮಾಡುವ ಸಂಕಲ್ಪದ ರಚನೆಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ಕಲ್ಪ, ಮನ್ವಂತರ, ಯುಗಗಳಿಂದ ತೊಡಗಿ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರಗಳವರೆಗೆ ಕಾಲವನ್ನೂ, ದ್ವೀಪ ಮತ್ತು ವರ್ಷಗಳಿಂದ ಹಿಡಿದು ನದೀತೀರದವರೆಗೆ ದೇಶವನ್ನೂ ಹಂತಹಂತವಾಗಿ ಕಿರಿದುಮಾಡುತ್ತ ಬಂದು, ಗೋತ್ರನಾಮಗಳಿಂದ ಕರ್ತೃವನ್ನು ಗುರುತಿಸಿ, ಕೊನೆಗೆ ಮಾಡಲಿರುವ ಕರ್ಮವನ್ನು ಹೇಳುವುದು ಅದರ ಕ್ರಮ. ಅದರ ಉದ್ದೇಶ ಧಾರ್ಮಿಕವಾದುದು. ಪ್ರಯೋಗಶಾಲೆಯ ಸಂಶೋಧನೆಗೆ ಅದು ಆಧಾರವೂ ಅಲ್ಲ, ಆ ಸಂಶೋಧನೆ ಅದಕ್ಕೆ ಪ್ರಮಾಣವೂ ಅಲ್ಲ. ಆದರೂ ಅನಂತವಾದ ಕಾಲದಿಂದ ಇಳಿದು ಈ ದಿನದ ಈ ಹೊತ್ತಿಗೆ, ಅಪಾರವಾದ ಜಗತ್ತಿನಿಂದ ಇಳಿದು ಈ ಜಾಗಕ್ಕೆ ಬಂದಲ್ಲದೆ ಕರ್ಮಕ್ಕೆ ಕೈಹಚ್ಚಬಾರದೆಂಬ ಆ ವ್ಯವಸ್ಥೆಯನ್ನು ಕಂಡು ಬೆಳೆದವರಿಗೆ, ಗೊಲ್ವಿಟ್ಸರ್ ಅವರ ನಿರ್ಣಯ ಅಪರಿಚಿತವೆನಿಸದು.

ರಾತ್ರಿಯ ಐದು ನಿಮಿಷ

ಬರುವ ದಿನದ ಸಂಕಲ್ಪವನ್ನು ಬೆಳಗ್ಗೆ ಬರೆಯಬೇಕೆಂಬ ವಾಡಿಕೆಯಿದ್ದರೂ, ಹಿಂದಿನ ರಾತ್ರಿಯೇ ಬರೆಯುವುದಕ್ಕೆ ಒಂದು ವೈಜ್ಞಾನಿಕ ಸಮರ್ಥನೆಯುಂಟು. 1920ರ ದಶಕದಲ್ಲಿ ಬರ್ಲಿನ್ನಿನಲ್ಲಿ ಕುರ್ಟ್ ಲೆವಿನ್ ಅವರ ಶಿಷ್ಯೆಯಾಗಿದ್ದ ಬ್ಲೂಮಾ ಝೈಗಾರ್ನಿಕ್, ಪೂರ್ಣಗೊಂಡ ಕೆಲಸಗಳಿಗಿಂತ ಅರ್ಧದಲ್ಲಿ ನಿಂತ ಕೆಲಸಗಳು ಹೆಚ್ಚಾಗಿ ನೆನಪಿನಲ್ಲಿ ಉಳಿಯುತ್ತವೆಂದು 1927ರಲ್ಲಿ ಪ್ರಕಟಿಸಿದರು. ಆ ಫಲಿತಾಂಶ ಅನಂತರದ ಎಲ್ಲ ಪ್ರಯೋಗಗಳಲ್ಲಿಯೂ ಒಂದೇ ತೆರನಾಗಿ ದೊರೆಯಲಿಲ್ಲವಾದರೂ, ಮುಗಿಯದ ಕಾರ್ಯ ಮನಸ್ಸನ್ನು ಕಾಡುತ್ತದೆಂಬ ವಿಚಾರದಿಂದ ಫಲವತ್ತಾದ ಸಂಶೋಧನೆಗಳು ಹುಟ್ಟಿದುವು. 2011ರಲ್ಲಿ ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಅವರು, ಮುಗಿಯದ ಗುರಿಯೊಂದು ಓದುವಾಗ ನಡುನಡುವೆ ನುಗ್ಗಿ ತೊಂದರೆ ಕೊಡುವುದನ್ನೂ, ಅದನ್ನು ಯಾವಾಗ ಹೇಗೆ ಮುಗಿಸಬೇಕೆಂಬ ನಿಶ್ಚಿತ ಯೋಜನೆಯನ್ನು ಹಾಕಿಕೊಂಡೊಡನೆ, ಕೆಲಸ ಇನ್ನೂ ಮುಗಿಯದಿದ್ದರೂ, ಆ ತೊಂದರೆ ಅಡಗುವುದನ್ನೂ ತೋರಿಸಿದರು.

2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ಮತ್ತು ಸಂಗಡಿಗರು 57 ತರುಣ ತರುಣಿಯರನ್ನು ನಿದ್ರೆಯ ಪ್ರಯೋಗಶಾಲೆಯಲ್ಲಿ ಮಲಗಿಸಿ, ಮಲಗುವ ಮುನ್ನ ಐದು ನಿಮಿಷಗಳ ಕಾಲ ಕೆಲವರು ಮುಂದಿನ ದಿನಗಳಲ್ಲಿ ಮಾಡಬೇಕಾದ ಕೆಲಸಗಳನ್ನೂ, ಉಳಿದವರು ಈಗಾಗಲೇ ಮಾಡಿ ಮುಗಿಸಿದ ಕೆಲಸಗಳನ್ನೂ ಬರೆಯುವಂತೆ ಮಾಡಿದರು. ಮುಂದಿನದನ್ನು ಬರೆದರೆ ಚಿಂತೆ ಹೆಚ್ಚೀತೆಂದು ನಾವು ಎಣಿಸಬಹುದು. ಆದದ್ದು ಬೇರೆ: ಮಾಡಬೇಕಾದುದನ್ನು ಬರೆದವರಿಗೆ ಸರಾಸರಿ ಒಂಬತ್ತು ನಿಮಿಷದಷ್ಟು ಬೇಗ ನಿದ್ರೆ ಹತ್ತಿತು, ಅವರಲ್ಲಿಯೂ ಪಟ್ಟಿ ಹೆಚ್ಚು ನಿರ್ದಿಷ್ಟವಾಗಿದ್ದಷ್ಟೂ ನಿದ್ರೆ ಬೇಗ ಬಂದಿತು. ಇಲ್ಲಿಯೂ ವಿವರವೇ ಉಪಕಾರಿ. ಅಸ್ಪಷ್ಟವಾದ ಕರ್ತವ್ಯಭಾರ ಎದೆಯ ಮೇಲೆ ಕುಳಿತಿರುತ್ತದೆ. ವಿಂಗಡಿಸಿ ಹೆಸರಿಟ್ಟ ಕರ್ತವ್ಯ ಕಾಗದದ ಮೇಲೆ ಕುಳಿತಿರುತ್ತದೆ.

ಫಲದ ಮಿತಿ

ವಿಜ್ಞಾನದ ಹೆಸರಿನಲ್ಲಿ ಬರೆಯುವವನು ಒಳ್ಳೆಯ ಸುದ್ದಿಯೊಡನೆ ಅದರ ಮೇರೆಯನ್ನೂ ಹೇಳಬೇಕು. 2012ರಲ್ಲಿ ಕೆನಡಾದಲ್ಲಿ ಮಿರಿಯಮ್ ಮೊಂಗ್ರೇನ್ ಮತ್ತು ಅವರ ಸಹೋದ್ಯೋಗಿ ಸೆಲಿಗ್‌ಮನ್ ಅವರ ಪರೀಕ್ಷೆಯನ್ನು ಮತ್ತೆ ನಡೆಸಿ, ಹೋಲಿಕೆಯ ಗುಂಪಿಗೆ ಸುಖಕರವಾದ ಬಾಲ್ಯಸ್ಮೃತಿಗಳನ್ನು ಬರೆಯಲು ಹೇಳಿದಾಗ, ಆ ಗುಂಪಿನ ಸಂತೋಷವೂ ಮೂರು ಸಂಗತಿಗಳನ್ನು ಬರೆದವರ ಸಂತೋಷದಷ್ಟೇ ಹೆಚ್ಚಿತು. 27 ಅಧ್ಯಯನಗಳನ್ನು, ಒಟ್ಟು 3,675 ಮಂದಿಯನ್ನು ಒಳಗೊಂಡ ಕ್ರೆಗ್ ಮತ್ತು ಚೀವನ್ಸ್ ಅವರ ಸಮೀಕ್ಷೆ, ಖಿನ್ನತೆ ಮತ್ತು ಆತಂಕಗಳ ಮೇಲೆ ಕೃತಜ್ಞತೆಯ ಅಭ್ಯಾಸಗಳ ಪ್ರಭಾವ ಇದೆಯಾದರೂ ಅಲ್ಪವೆಂದು ನಿರ್ಣಯಿಸಿತು. ಆದಕಾರಣ ಗಾಢವಾದ ಖಿನ್ನತೆಯಿಂದ ಬಳಲುವವರಿಗೆ ಚಿಕಿತ್ಸೆಯ ಸ್ಥಾನದಲ್ಲಿ ದಿನಚರಿಯನ್ನು ಕೊಡುವುದು ತಪ್ಪು. ಅಂಥವರಿಗೆ ವೈದ್ಯರು ಬೇಕು, ಔಷಧ ಬೇಕಾಗಬಹುದು, ಮನೆಯವರ ಆಸರೆ ಬೇಕು. ಒಂದೂ ಉಪಕಾರ ಹೊಳೆಯದ ದಿನದಂದು ಖಾಲಿ ಹಾಳೆಯೇ ಅವರ ಪಾಲಿಗೆ ಹೊಸ ದೋಷಾರೋಪಣೆಯಾಗಬಹುದು.

ನೀತಿಯ ದೃಷ್ಟಿಯಿಂದಲೂ ಒಂದು ಎಚ್ಚರಿಕೆ ಅವಶ್ಯ. ಕೂಲಿಯನ್ನು ಕಡಿಮೆ ಕೊಟ್ಟವನಿಗೆ ಅಷ್ಟನ್ನಾದರೂ ಕೊಟ್ಟನೆಂದು ಕೃತಜ್ಞನಾಗಿರಬೇಕೆಂದೂ, ಮನೆಯಲ್ಲಿ ಹಿಂಸೆಗೆ ಗುರಿಯಾದವಳು ತಲೆಯ ಮೇಲೆ ಸೂರಿರುವುದನ್ನು ನೆನೆದು ಸುಮ್ಮನಿರಬೇಕೆಂದೂ ಬೋಧಿಸುವವರ ಕೈಯಲ್ಲಿ ಈ ಸದ್ಗುಣ ಆಯುಧವಾಗುತ್ತದೆ. ಹಕ್ಕಾಗಿ ಸಲ್ಲತಕ್ಕದ್ದನ್ನು ಕೇಳುವುದಕ್ಕೂ, ಪ್ರೀತಿಯಿಂದ ದೊರೆತದ್ದನ್ನು ನೆನೆಯುವುದಕ್ಕೂ ವಿರೋಧವಿಲ್ಲ. ಕಾರಣವನ್ನು ಪ್ರಾಮಾಣಿಕವಾಗಿ ಅರಸುವ ದಿನಚರಿ ಉಪಕಾರಿ ಯಾರು, ಅಪಕಾರಿ ಯಾರು ಎಂಬುದನ್ನು ಸ್ಪಷ್ಟವಾಗಿ ತಿಳಿಸುವುದಲ್ಲದೆ, ಆ ಭೇದವನ್ನು ಎಂದಿಗೂ ಮುಚ್ಚಿಡಲಾರದು.

ಆಚರಣೆಯ ಕ್ರಮ

ಮೇಲೆ ಹೇಳಿದುದೆಲ್ಲದರಿಂದ ಒಂದು ಸರಳವಾದ ಕ್ರಮ ಹೊರಡುತ್ತದೆ. ರಾತ್ರಿ, ಮಲಗುವುದಕ್ಕೆ ಮೊದಲು, ಒಂದು ಸಾಧಾರಣ ನೋಟುಪುಸ್ತಕದಲ್ಲಿ ಆ ದಿನ ದೊರೆತ ಒಂದೆರಡು, ಹೆಚ್ಚೆಂದರೆ ಮೂರು ಉಪಕಾರಗಳನ್ನು ಬರೆಯಬೇಕು. ಪ್ರತಿಯೊಂದರಲ್ಲಿಯೂ ಮಾಡಿದವರ ಹೆಸರು, ಅವರು ಮಾಡಿದ್ದು, ಅದಕ್ಕಾಗಿ ಅವರು ವೆಚ್ಚಮಾಡಿದ ಕಾಲವೋ ಶ್ರಮವೋ ಕಾಣಿಸಬೇಕು. ನಿನ್ನೆ ಬರೆದುದನ್ನೇ ಇಂದು ಬರೆಯಬಾರದು. ಹೊಸತು ಹೊಳೆಯದಿದ್ದರೆ, ಇರುವ ಒಂದು ಒಳಿತು ಇಲ್ಲದೆ ಹೋಗಬಹುದಾಗಿದ್ದ ಬಗೆಯನ್ನು ಬರೆಯಬಹುದು. ಪ್ರತಿದಿನ ಬರೆಯುವುದು ಯಾಂತ್ರಿಕವಾಯಿತೆಂದು ಕಂಡರೆ ವಾರಕ್ಕೆ ಒಂದೆರಡು ಸಲಕ್ಕೆ ಇಳಿಸುವುದರಲ್ಲಿ ಯಾವ ದೋಷವೂ ಇಲ್ಲ; ಅಭ್ಯಾಸವಿರುವುದು ನಮಗಾಗಿ, ನಾವಿರುವುದು ಅಭ್ಯಾಸಕ್ಕಾಗಿ ಅಲ್ಲ. ಆಮೇಲೆ ನಾಳೆಯ ಒಂದು ಮುಖ್ಯ ಕಾರ್ಯವನ್ನು, ಹೊತ್ತು ಮತ್ತು ಸ್ಥಳಗಳೊಡನೆ, ಬರಬಹುದಾದ ಒಂದು ಅಡ್ಡಿಯನ್ನೂ ಅದಕ್ಕೆ ಉತ್ತರವನ್ನೂ ಸೇರಿಸಿ ಬರೆಯಬೇಕು. "ಓದಬೇಕು" ಎಂದು ಬರೆಯುವುದಕ್ಕೆ ಬದಲು, "ಬೆಳಗ್ಗೆ ಕಾಫಿ ಕುಡಿದ ಕೂಡಲೇ ಹಜಾರದ ಮೇಜಿನಲ್ಲಿ ಕುಳಿತು ಆರನೆಯ ಅಧ್ಯಾಯವನ್ನು ತೆರೆಯುವೆನು, ಯಾರಾದರೂ ಬಂದರೆ, ಅವರು ಹೊರಟ ತಕ್ಷಣ ಮತ್ತೆ ಅಲ್ಲಿಯೇ ಕೂರುವೆನು" ಎಂದು ಬರೆಯಬೇಕು.

ಈ ಎರಡು ಬರವಣಿಗೆಗಳು ಒಂದೇ ಪುಟದಲ್ಲಿ ಜೊತೆಗೂಡುವುದರಲ್ಲಿ ಔಚಿತ್ಯವಿದೆ. ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಮೋನಿಕಾ ಬಾರ್ಟ್ಲೆಟ್ ಮತ್ತು ಡೇವಿಡ್ ಡಿಸ್ಟೆನೊ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೆಟ್ಟುನಿಂತ ಕಂಪ್ಯೂಟರನ್ನು ಸರಿಪಡಿಸಿಕೊಟ್ಟವರ ನೆರವನ್ನು ಪಡೆದವರು, ಆಮೇಲೆ ಬೇಸರದ ಕೆಲಸವೊಂದಕ್ಕೆ ಸಹಾಯ ಕೇಳಿದಾಗ, ಉಪಕಾರ ಮಾಡಿದವರಿಗೆ ಮಾತ್ರವಲ್ಲದೆ ಪರಿಚಯವೇ ಇಲ್ಲದವರಿಗೂ ಹೆಚ್ಚು ಹೊತ್ತು ನೆರವಾದರು. ಪಡೆದುದರ ಅರಿವು ಕೊಡುವ ಪ್ರವೃತ್ತಿಯಾಗಿ ಹರಿಯುತ್ತದೆ; ಆ ಪ್ರವೃತ್ತಿಗೆ ಹೊತ್ತನ್ನೂ ಜಾಗವನ್ನೂ ಗೊತ್ತುಮಾಡಿಕೊಡುವುದು ಸಂಕಲ್ಪದ ಕೆಲಸ.

ಕೊನೆಯದಾಗಿ, ಪುಟದಲ್ಲಿ ಬರೆದ ಹೆಸರುಗಳನ್ನು ಪುಟದಲ್ಲಿಯೇ ಬಿಟ್ಟುಬಿಡಬಾರದು. 2018ರಲ್ಲಿ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಅವರು, ಕೃತಜ್ಞತೆಯ ಪತ್ರಗಳನ್ನು ಬರೆದವರನ್ನೂ ಅವನ್ನು ಪಡೆದವರನ್ನೂ ಬೇರೆ ಬೇರೆಯಾಗಿ ವಿಚಾರಿಸಿದಾಗ, ಪಡೆದವರಿಗಾಗುವ ಸಂತೋಷವನ್ನು ಬರೆದವರು ಕಡಿಮೆಯಾಗಿ ಎಣಿಸಿದ್ದುದೂ, ಅವರಿಗಾಗುವ ಸಂಕೋಚವನ್ನು ಹೆಚ್ಚಾಗಿ ಎಣಿಸಿದ್ದುದೂ ತಿಳಿದುಬಂದಿತು. ಮಾತು ಚೆನ್ನಾಗಿ ಬಾರದೆಂದು ಬರೆಯುವವರು ಹೆದರಿರುತ್ತಾರೆ. ಪಡೆಯುವವರು ನೋಡುವುದು ಮಾತಿನ ಚೆಲುವಿಗಿಂತ ಮನಸ್ಸಿನ ಬೆಚ್ಚನ್ನು. ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು, ಮೊದಲ ಕೆಲಸಕ್ಕೆ ಶಿಫಾರಸು ಮಾಡಿದವರು, ಕಷ್ಟಕಾಲದಲ್ಲಿ ಬಡ್ಡಿಯಿಲ್ಲದೆ ಹಣ ಕೊಟ್ಟ ನೆರೆಯವರು ಎಷ್ಟೋ ಮಂದಿ ತಾವು ಮಾಡಿದುದರ ಫಲವನ್ನು ಅರಿಯದೆಯೇ ಇದ್ದಾರೆ. ಆದುದರಿಂದ ದಿನಚರಿಯಲ್ಲಿ ಅಂಥ ಹೆಸರೊಂದು ಬಂದ ರಾತ್ರಿ, ನಾಳೆಯ ಸಂಕಲ್ಪದ ಸ್ಥಾನದಲ್ಲಿ ಅವರನ್ನು ಕಾಣುವ ಅಥವಾ ಅವರಿಗೆ ಕಾಗದ ಬರೆಯುವ ಹೊತ್ತನ್ನು ನಮೂದಿಸುವುದು ಈ ಅಭ್ಯಾಸದ ಅತ್ಯುತ್ತಮ ಉಪಯೋಗ. ಗೊತ್ತುಮಾಡಿದ ಆ ಹೊತ್ತಿಗೆ ಎದ್ದು ಹೋಗಿ ಮಾತನಾಡಿ ಬಂದರೆ, ಉಪಕಾರಸ್ಮರಣೆ ಮತ್ತು ಸಂಕಲ್ಪ ಎರಡೂ ಒಂದೇ ಕಾರ್ಯದಲ್ಲಿ ಪೂರ್ಣವಾಗುತ್ತವೆ.